ಸೆರೆಂಗೆಟಿಗೆ ರಸ್ತೆಯಲ್ಲಿ ಹೋಗಬೇಕೆ, ವಿಮಾನ ಹಿಡಿಯಬೇಕೆ?

ಪ್ರಶ್ನೆ: ಬರುವ ಫೆಬ್ರವರಿ ಮೂರನೆಯ ವಾರ ನಾನು, ಪತ್ನಿ, 13 ಮತ್ತು 9 ವರ್ಷದ ಇಬ್ಬರು ಮಕ್ಕಳು ಹಾಗೂ 68 ವರ್ಷದ ನನ್ನ ತಾಯಿ ತಾಂಜಾನಿಯಾಕ್ಕೆ ಹೊರಟಿದ್ದೇವೆ. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯ ಪ್ರಕಾರ 2ನೆಯ ದಿನ ಅರುಷಾದಿಂದ ಕರಾಟು, 3ನೆಯ ದಿನ ಮನ್ಯಾರಾ ಸರೋವರ, 4ನೆಯ ದಿನ ಕರಾಟುವಿನಿಂದ ಸೆರೆಂಗೆಟಿಯ ನಡುವಿನ ಸೆರೊನೆರಾಕ್ಕೆ ‘ರಸ್ತೆ ಪ್ರಯಾಣ, 7 ಗಂಟೆ’, 7ನೆಯ ದಿನ ಅದೇ ರಸ್ತೆಯಲ್ಲಿ ಹಿಂದಿರುಗಿ, ದಾರಿಯಲ್ಲಿ ಗೊರೊಂಗೊರೊ ಕ್ರೇಟರ್ (ಹಳೆಯ ಜ್ವಾಲಾಮುಖಿಯ ಬೃಹತ್ ಕುಳಿ) ನೋಡಿಕೊಂಡು ರಾತ್ರಿಗೆ ಅರುಷಾ. ತಾಯಿಗೆ ಸೊಂಟ ಮತ್ತು ಮಂಡಿ ನೋವಿದೆ, ಶುದ್ಧ ಸಸ್ಯಾಹಾರಿ. 4ನೆಯ ದಿನ ಪೂರ್ತಿ ಧೂಳಿನಲ್ಲಿ ಹಾಳಾಗುತ್ತದೆ, ವಿಮಾನದಲ್ಲಿ ಹೋಗಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಏನು ಮಾಡುವುದು?

ಉತ್ತರ: ಹೋಗುವಾಗ ರಸ್ತೆಯಲ್ಲೇ ಹೋಗಿ, ಬರುವಾಗ ವಿಮಾನದಲ್ಲಿ ಬನ್ನಿ. ನಿಮ್ಮ ಪಟ್ಟಿಯಲ್ಲಿ ಹೆದರಬೇಕಾದದ್ದು 4ನೆಯ ದಿನಕ್ಕಲ್ಲ, 7ನೆಯ ದಿನಕ್ಕೆ. ಸೆರೊನೆರಾದಿಂದ ಅರುಷಾಕ್ಕೆ ಸುಮಾರು 335 ಕಿ.ಮೀ.; ಅದರ ನಡುವೆ ಕ್ರೇಟರ್‌ಗೆ ಇಳಿದು, ನಾಲ್ಕೈದು ಗಂಟೆ ಸುತ್ತಿ, ಮತ್ತೆ ಹತ್ತಿ, ರಾತ್ರಿಯೊಳಗೆ ಊರು ಸೇರಬೇಕೆಂಬ ಲೆಕ್ಕ ಕಾಗದದ ಮೇಲಷ್ಟೇ ಚೆನ್ನಾಗಿ ಕಾಣುತ್ತದೆ. ಸೊಂಟ ನೋವಿರುವವರಿಗೆ ಅದು ಶಿಕ್ಷೆ. ಆದ್ದರಿಂದ 3ನೆಯ ದಿನದ ಮನ್ಯಾರಾವನ್ನು ಕೈಬಿಟ್ಟು ಅಂದೇ ಕ್ರೇಟರ್ ಮುಗಿಸಿ, 4ನೆಯ ದಿನವನ್ನು ರಸ್ತೆಗೆಂದೇ ಇಡೀ ಎತ್ತಿಟ್ಟು, 7ನೆಯ ದಿನ ಸೆರೊನೆರಾದ ಏರ್‌ಸ್ಟ್ರಿಪ್‌ನಿಂದ ಅರುಷಾಕ್ಕೆ ಹಾರಿಬಿಡಿ.

‘ರಸ್ತೆ ಪ್ರಯಾಣ, 7 ಗಂಟೆ’ ಎಂಬ ಒಂದು ಸಾಲು ಆ ದಿನಕ್ಕೆ ಮಾಡಿರುವ ಅನ್ಯಾಯ ಸಣ್ಣದಲ್ಲ. ಕರಾಟುವಿನಿಂದ ಸೆರೊನೆರಾಕ್ಕೆ ಇರುವ ದೂರ ಹೆಚ್ಚೆಂದರೆ 160 ಕಿ.ಮೀ. ಆಸುಪಾಸು. ನಿಲ್ಲದೆ ಓಡಿಸಿದರೆ ನಾಲ್ಕು ಗಂಟೆಯಲ್ಲಿ ಮುಟ್ಟಬಹುದು. ಉಳಿದ ಗಂಟೆಗಳು ನಿಲ್ಲುವುದಕ್ಕೆ ಇರುವಂಥವು. ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ನಿಲ್ಲುತ್ತೀರಿ ಎಂಬುದರ ಮೇಲೆ ಆ ದಿನ ಬರೀ ಧೂಳು ಕುಡಿಯುವ ದಿನವಾಗುತ್ತದೋ ಪ್ರವಾಸದ ಅತ್ಯುತ್ತಮ ದಿನವಾಗುತ್ತದೋ ಎನ್ನುವುದು ನಿಂತಿದೆ.

ಬೆಳಗ್ಗೆ ಆರೂವರೆಯ ಹೊತ್ತಿಗೆ ಕರಾಟು ಬಿಡಬೇಕು. ಅಲ್ಲಿಂದ ಗೊರೊಂಗೊರೊ ಸಂರಕ್ಷಣಾ ಪ್ರದೇಶದ ಲೋಡುವಾರೆ ಗೇಟಿನವರೆಗೆ ಡಾಂಬರು ರಸ್ತೆಯಿದೆ, ಅರ್ಧ ಗಂಟೆಯ ದಾರಿ. ಗೇಟಿನಲ್ಲಿ ಡ್ರೈವರ್-ಗೈಡ್ ಕಾಗದಪತ್ರ ಹಿಡಿದು ಕಚೇರಿಗೆ ಹೋದಾಗ ಕಿಟಕಿ ಮತ್ತು ಮೇಲಿನ ಚಾವಣಿ ಎರಡನ್ನೂ ಮುಚ್ಚಿಕೊಂಡು ಕುಳಿತಿರಿ. ಅಲ್ಲಿನ ಬಬೂನ್‌ಗಳಿಗೆ ಲಂಚ್ ಬಾಕ್ಸ್ ಎಂದರೇನೆಂದು ಚೆನ್ನಾಗಿ ಗೊತ್ತು, ತೆರೆದ ಕಿಟಕಿಯೊಳಗೆ ಕೈ ಹಾಕಿ ಎತ್ತಿಕೊಂಡು ಹೋಗುತ್ತವೆ. ಶೌಚಾಲಯವನ್ನು ಇಲ್ಲಿಯೇ ಬಳಸಿಕೊಳ್ಳುವುದು ಜಾಣತನ.

ಗೇಟು ದಾಟಿದ ಕೂಡಲೇ ಡಾಂಬರು ಮುಗಿದು ಕೆಂಪು ಮಣ್ಣಿನ ಏರುದಾರಿ ಶುರುವಾಗುತ್ತದೆ. ಮರಗಳಿಂದ ಪಾಚಿ ಜೋತು ಬಿದ್ದಿರುವ ದಟ್ಟ ಕಾಡಿನ ನಡುವೆ ಸುಮಾರು 2,300 ಮೀಟರ್ ಎತ್ತರದ ಕ್ರೇಟರ್ ಅಂಚಿಗೆ ಏರುತ್ತೀರಿ. ಅಲ್ಲಿನ ವೀಕ್ಷಣಾ ಸ್ಥಳದಿಂದ 600 ಮೀಟರ್ ಕೆಳಗೆ, ಸುಮಾರು 260 ಚದರ ಕಿ.ಮೀ. ವಿಸ್ತಾರದ ತಳ ಕಾಣುತ್ತದೆ. ಕಾಣುತ್ತದೆ ಎನ್ನುವುದು ಮಂಜು ಒಪ್ಪಿದರೆ ಮಾತ್ರ. ಬೆಳಗಿನ ಹೊತ್ತು ಮಂಜು ಕವಿದಿರುವುದೇ ಹೆಚ್ಚು. ಹಿಂದಿನ ದಿನ ನೀವು ತಳಕ್ಕೇ ಇಳಿದಿರುವುದರಿಂದ ಇಲ್ಲಿ ಕಾಯುತ್ತಾ ಕೂರುವುದು ಬೇಡ. ಚಳಿ ಮಾತ್ರ ನಿಜ: ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಸ್ವೆಟರ್ ಅನ್ನು ಪೆಟ್ಟಿಗೆಯ ಅಡಿಗೆ ತುರುಕಿದವರು ಇಲ್ಲಿ ನಡುಗುತ್ತಾರೆ.

ಅಂಚಿನ ಮೇಲೆ ಸ್ವಲ್ಪ ದೂರ ಸಾಗಿ ರಸ್ತೆ ಪಶ್ಚಿಮಕ್ಕೆ ಇಳಿಯುತ್ತದೆ. ಮಲಂಜಾ ಎಂಬ ಅಗಲವಾದ ತಗ್ಗಿನಲ್ಲಿ ಮಸಾಯಿ ಎಂಬ ದನಗಾಹಿ ಬುಡಕಟ್ಟಿನವರ ದನ, ಆಡು, ಕುರಿಗಳ ಹಿಂಡಿನ ಪಕ್ಕದಲ್ಲೇ ಜೀಬ್ರಾಗಳೂ ಮೇಯುತ್ತಿರುತ್ತವೆ. ಇಳಿಜಾರಿನ ಅಕೇಶಿಯಾ ಮರಗಳ ನಡುವೆ ಜಿರಾಫೆಗಳು ಕಾಣುತ್ತವೆ. ಕ್ರೇಟರ್‌ನ ತಳದಲ್ಲಿ ಜಿರಾಫೆ ಇಲ್ಲದಿರುವುದರಿಂದ ಮಕ್ಕಳು ಇಲ್ಲಿ ಕಣ್ಣಿಟ್ಟು ನೋಡಲಿ. ರಸ್ತೆ ಬದಿಯಲ್ಲಿ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಕಪ್ಪು ಬಟ್ಟೆ ಹೊದ್ದ ಹುಡುಗರು ನಿಂತಿರುವುದುಂಟು. ಅವರು ಸುನ್ನತಿಯಾದ ಮೇಲಿನ ಕೆಲವು ತಿಂಗಳ ವಿಧಿಯಲ್ಲಿರುವವರು. ಓಡುವ ಗಾಡಿಯಿಂದ ಅವರ ಫೋಟೋ ತೆಗೆಯಬೇಡಿ. ತೆಗೆಯಲೇಬೇಕೆಂದರೆ ಗೈಡ್ ಮೂಲಕ ಕೇಳಿ, ಹಣ ಕೇಳಿದರೆ ಮೊದಲೇ ಮಾತಾಡಿಕೊಳ್ಳಿ. ಇದು ಜನ ವಾಸಿಸುವ ನೆಲ. 1959ರಲ್ಲಿ ಸೆರೆಂಗೆಟಿಯೊಳಗಿದ್ದ ಮಸಾಯಿಗಳನ್ನು ಹೊರಗೆ ಕಳುಹಿಸಿ, ಪ್ರಾಣಿಗಳ ಜೊತೆಗೆ ದನಗಾಹಿಗಳೂ ಇರಬಹುದು ಎಂಬ ಒಪ್ಪಂದದ ಮೇಲೆ ಈ 8,292 ಚದರ ಕಿ.ಮೀ. ಪ್ರದೇಶವನ್ನು ಬೇರ್ಪಡಿಸಲಾಯಿತು. 2022ರಿಂದ ಇಲ್ಲಿನ ಕುಟುಂಬಗಳನ್ನು ಹಾಂಡೇನಿ ಜಿಲ್ಲೆಯ ಮ್ಸೊಮೆರಾಕ್ಕೆ ಸಾಗಿಸುವ ಸರ್ಕಾರಿ ಕಾರ್ಯಕ್ರಮ ನಡೆದಿದ್ದು, ಅದರ ಬಗ್ಗೆ ತೀವ್ರ ವಿರೋಧವೂ ಇದೆ. ವಿಮಾನದಲ್ಲಿ ಹಾರಿದವರಿಗೆ ಈ ಜನ ಇರುವುದೇ ತಿಳಿಯುವುದಿಲ್ಲ, ಅದೂ ರಸ್ತೆಯ ಪರವಾಗಿ ನಾನು ಹೇಳುವ ಒಂದು ಕಾರಣ.

ಇಳಿಜಾರು ಮುಗಿದ ಮೇಲೆ ಓಲ್ಡುವಾಯ್ ಕಮರಿಗೆ ತಿರುಗುವ ಕವಲು ಬರುತ್ತದೆ. ಎರಡು ದೊಡ್ಡ ತಲೆಬುರುಡೆಗಳ ಸ್ಮಾರಕವೇ ಅದರ ಗುರುತು. 1959ರ ಜುಲೈ 17ರಂದು ಮೇರಿ ಲೀಕಿ ಇಲ್ಲಿಯೇ ಸುಮಾರು 17.5 ಲಕ್ಷ ವರ್ಷ ಹಳೆಯ ಮಾನವಸದೃಶ ಜೀವಿಯ ತಲೆಬುರುಡೆಯನ್ನು ಕಂಡುಹಿಡಿದದ್ದು. ಸಮಯ ಉಳಿಸಲು ಅನೇಕರು ಇದನ್ನು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ: 13 ವರ್ಷದ ಮಗುವಿಗೆ ಪಾಠಪುಸ್ತಕದ ಆದಿಮಾನವ ಸಿಕ್ಕ ಜಾಗವನ್ನೇ ತೋರಿಸುವ ಅವಕಾಶ ಮತ್ತೆ ಬರುವುದಿಲ್ಲ, ಜೊತೆಗೆ ತಾಯಿಯವರಿಗೆ ನೆರಳಿನಲ್ಲಿ ಕುಳಿತು ಕಾಲು ಚಾಚಿಕೊಳ್ಳಲು ಅನುಕೂಲವಾಗುತ್ತದೆ. ಒಂದು ಗಂಟೆ ಸಾಕು. ಪ್ರವೇಶ ಶುಲ್ಕ ಬೇರೆಯೇ ಇರುವುದರಿಂದ ಅದು ನಿಮ್ಮ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಮುಂದಿನದೇ ಆ ದಿನದ ತಿರುಳು. ಓಲ್ಡುವಾಯ್ ದಾಟಿದ ಮೇಲೆ ಗಂಟೆಗಟ್ಟಲೆ ಒಂದು ಮರವೂ ಇಲ್ಲದ ಬಯಲು. ಮಳೆ ಕಡಿಮೆ, ಅದಕ್ಕೆ ಮರವಿಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಅದು ಅರ್ಧ ಉತ್ತರ. ಪೂರ್ವ ದಿಕ್ಕಿನಲ್ಲಿರುವ ಕೆರಿಮಾಸಿ, ಓಲ್ ಡೊಯಿನ್ಯೊ ಲೆಂಗಾಯ್ ಮುಂತಾದ ಜ್ವಾಲಾಮುಖಿಗಳು ಉಗುಳಿದ ಬೂದಿಯನ್ನು ಗಾಳಿ ಪಶ್ಚಿಮಕ್ಕೆ ಹೊತ್ತು ತಂದು ಈ ಬಯಲಿನ ಮೇಲೆ ಹಾಸಿದೆ. 2,962 ಮೀಟರ್ ಎತ್ತರದ ಲೆಂಗಾಯ್ ಇಂದಿಗೂ ಸಕ್ರಿಯವಾಗಿದೆ, ಅದರ ದೊಡ್ಡ ಸ್ಫೋಟ 2007–08ರಲ್ಲಿ ಆಯಿತು. ಆ ಬೂದಿಯಲ್ಲಿ ಸುಣ್ಣದ ಅಂಶ ವಿಪರೀತ. ಮಳೆನೀರು ಸುಣ್ಣವನ್ನು ಕರಗಿಸಿ ಕೆಳಗಿಳಿಸುತ್ತದೆ, ಬಿಸಿಲಿಗೆ ನೀರು ಆರಿದಾಗ ಅದು ಮಣ್ಣಿನಡಿಯಲ್ಲಿ ಗಾರೆಯಂತೆ ಗಟ್ಟಿ ಪದರವಾಗಿ ನಿಲ್ಲುತ್ತದೆ. ಮರದ ಬೇರು ಆ ಪದರವನ್ನು ಸೀಳಲಾರದು. ಗಿಡ್ಡ ಹುಲ್ಲಿಗೆ ಮಾತ್ರ ಅಲ್ಲಿ ಬದುಕು. ಆದರೆ ಆ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕದಂಥ ಖನಿಜಗಳು ಸಮೃದ್ಧವಾಗಿವೆ. ಹಾಲೂಡುವ ತಾಯಿಗೆ ಬೇಕಾದದ್ದೇ ಅದು. ಶಾಶ್ವತವಾದ ನೀರಿಲ್ಲದ, ಮಳೆಗಾಲ ಮುಗಿದೊಡನೆ ಬಿಟ್ಟುಹೋಗಲೇಬೇಕಾದ ಈ ಬಯಲಿಗೆ ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್ ಎಂಬ, ದನದಂತೆ ಕಾಣುವ ಕಾಡುಪ್ರಾಣಿಗಳು ಪ್ರತಿ ವರ್ಷ ಬಂದು ಇಲ್ಲಿಯೇ ಕರು ಹಾಕುವುದಕ್ಕೆ ಕಾರಣ ಇದು.

ನೀವು ಹೋಗುತ್ತಿರುವ ಫೆಬ್ರವರಿ ಆ ಕರು ಹಾಕುವ ಕಾಲದ ನಟ್ಟನಡುವೆ ಬರುತ್ತದೆ. ಕೆಲವೇ ವಾರಗಳಲ್ಲಿ ಲಕ್ಷಗಟ್ಟಲೆ ಕರುಗಳು ಹುಟ್ಟುತ್ತವೆ. ಎಲ್ಲವೂ ಒಟ್ಟಿಗೇ ಹುಟ್ಟುವುದರಿಂದ ಕತ್ತೆಕಿರುಬ, ಸಿಂಹ, ಚೀತಾ, ನರಿಗಳು ಎಷ್ಟು ತಿಂದರೂ ಹೆಚ್ಚಿನವು ಉಳಿಯುತ್ತವೆ. ಹೆರಿಗೆಗಳು ಬಹುಪಾಲು ಬೆಳಗಿನ ಹೊತ್ತಿನಲ್ಲಿ ಆಗುತ್ತವೆ. ಕರು ನೆಲಕ್ಕೆ ಬಿದ್ದ ಕೆಲವೇ ನಿಮಿಷಗಳಲ್ಲಿ ಮುಂಗಾಲು ಮಡಚಿ, ಹಿಂಗಾಲು ಎತ್ತಿ, ಒಮ್ಮೆ ಮುಗ್ಗರಿಸಿ, ಮತ್ತೆ ಎದ್ದು, ತಾಯಿಯ ಹೊಟ್ಟೆಯ ಕೆಳಗೆ ಹಾಲಿಗೆ ತಡಕಾಡುವುದನ್ನು ಗಾಡಿಯಲ್ಲಿ ಕುಳಿತೇ ನೋಡಬಹುದು. ನಾನು ಆರೂವರೆಗೆ ಹೊರಡಿ ಎಂದದ್ದು ಇದಕ್ಕಾಗಿ: ಹತ್ತೂವರೆ ಹನ್ನೊಂದರ ಹೊತ್ತಿಗೆ ನೀವು ಈ ಬಯಲಿನಲ್ಲಿರಬೇಕು. ಎಂಟೂವರೆಗೆ ತಿಂಡಿ ಮುಗಿಸಿ ಹೊರಟರೆ ಇಲ್ಲಿಗೆ ಬರುವಾಗ ನೆತ್ತಿಯ ಮೇಲೆ ಬಿಸಿಲು, ದೂರದಲ್ಲಿ ಬಿಸಿಲುಗುದುರೆ, ಪ್ರಾಣಿಗಳೆಲ್ಲ ಮಲಗಿರುತ್ತವೆ. ಹಿಂಡುಗಳು ಮಳೆಯನ್ನು ಹಿಂಬಾಲಿಸುವುದರಿಂದ ಅವು ರಸ್ತೆಯ ಅಂಚಿನಲ್ಲೇ ಸಿಕ್ಕೇ ಸಿಗುತ್ತವೆಂದು ಯಾರೂ ಭರವಸೆ ಕೊಡಲಾಗದು. ಕೊಡುವವರನ್ನು ನಂಬಬೇಡಿ. ಥಾಮ್ಸನ್ ಗಜೆಲ್, ಉಷ್ಟ್ರಪಕ್ಷಿ, ಗಂಭೀರವಾಗಿ ಹೆಜ್ಜೆ ಹಾಕುವ ಕೋರಿ ಬಸ್ಟರ್ಡ್ ಅಂತೂ ತಪ್ಪುವುದಿಲ್ಲ. ಈ ಕೊನೆಯದು ನಮ್ಮಲ್ಲಿ ಕಣ್ಮರೆಯ ಅಂಚಿಗೆ ಬಂದಿರುವ ಎರೆಭೂತ ಪಕ್ಷಿಯ ಹತ್ತಿರದ ಬಂಧು.

ಧೂಳಿನ ಬಗ್ಗೆ ನಿಮ್ಮ ಪರಿಚಯದವರು ಹೇಳಿದ್ದು ಸುಳ್ಳಲ್ಲ. ಇದು ಅರುಷಾದಿಂದ ಮ್ವಾಂಝಾ, ಮುಸೋಮಾ ಕಡೆಗೆ ಹೋಗುವ ಬಸ್ಸು ಲಾರಿಗಳ ದಾರಿಯೂ ಹೌದು. ಎದುರಿನಿಂದ ಗಾಡಿ ಬಂದಾಗಲೆಲ್ಲ ಎಲ್ಲರೂ ಒಟ್ಟಿಗೆ ಕಿಟಕಿ ಎಳೆದುಕೊಳ್ಳುವುದು, ಧೂಳು ಕಳೆದ ಮೇಲೆ ತೆರೆಯುವುದು ಅರ್ಧ ಗಂಟೆಯಲ್ಲಿ ಅಭ್ಯಾಸವಾಗುತ್ತದೆ. ಲಾರಿ ಹಾದುಹೋಗುವಾಗ ಡ್ರೈವರ್ ಒಳಗಿನಿಂದ ಮುಂದಿನ ಗಾಜಿಗೆ ಅಂಗೈ ಒತ್ತಿ ಹಿಡಿಯುವುದನ್ನೂ ನೋಡುತ್ತೀರಿ. ಹಾರಿದ ಕಲ್ಲಿಗೆ ಗಾಜು ಸೀಳದಿರಲಿ ಎಂದು. ಇನ್ನು ರಸ್ತೆಯ ಮೇಲ್ಮೈ ಉದ್ದಕ್ಕೂ ಅಡ್ಡಡ್ಡ ಅಲೆಗಳಂತೆ ಉಬ್ಬಿರುತ್ತದೆ. ಒಣ ಮಣ್ಣಿನ ಮೇಲೆ ವೇಗವಾಗಿ ಉರುಳುವ ಚಕ್ರಗಳೇ ಅದನ್ನು ಮಾಡುತ್ತವೆ. ತೀರಾ ನಿಧಾನವಾಗಿ ಹೋದರೆ ಒಂದೊಂದು ಉಬ್ಬೂ ಬೆನ್ನಿಗೆ ತಟ್ಟುತ್ತದೆ, ವೇಗ ಹೆಚ್ಚಿಸಿದರೆ ಚಕ್ರ ಉಬ್ಬಿನ ತುದಿಗಳ ಮೇಲೆ ತೇಲಿದಂತಾಗಿ ಕುಲುಕಾಟ ಕಡಿಮೆಯಾದರೂ ಹಿಡಿತ ತಪ್ಪುವ ಭಯವಿರುತ್ತದೆ. ಸೆರೆಂಗೆಟಿಯೊಳಗೆ ಗಂಟೆಗೆ 50 ಕಿ.ಮೀ. ಮಿತಿಯಿದೆ. ಡ್ರೈವರನ್ನು ಅವಸರಪಡಿಸಬೇಡಿ, ಅವರು ಅವಸರ ಮಾಡಿದರೆ ಹಿಂಜರಿಯದೆ ಹೇಳಿ.

ಸೊಂಟ ನೋವಿಗೆ ಮದ್ದಿರುವುದು ಸೀಟಿನಲ್ಲಿ. ಉದ್ದ ಮಾಡಿದ ಲ್ಯಾಂಡ್ ಕ್ರೂಸರ್‌ನಲ್ಲಿ ಹಿಂದಿನ ಸಾಲು ಹಿಂಚಕ್ರಗಳ ಮೇಲೆಯೇ ಬರುವುದರಿಂದ ಎಲ್ಲಕ್ಕಿಂತ ಹೆಚ್ಚು ಎತ್ತಿ ಹಾಕುವುದು ಅಲ್ಲಿಯೇ. ತಾಯಿಯವರು ಡ್ರೈವರ್‌ನ ಪಕ್ಕದಲ್ಲಿ ಅಥವಾ ಅವರ ಬೆನ್ನ ಹಿಂದಿನ ಸಾಲಿನಲ್ಲಿ ಕೂರಲಿ. ಹಿಂದಿನ ಸಾಲು ಮಕ್ಕಳಿಗೆ, ಅವರಿಗೆ ಅದು ಆಟ. ಗಾಡಿಯ ಮೆಟ್ಟಿಲು ಎತ್ತರವಾಗಿರುವುದರಿಂದ ಒಂದು ಗಟ್ಟಿ ಸ್ಟೂಲ್ ಇಟ್ಟುಕೊಳ್ಳುವಂತೆ ಮೊದಲೇ ತಿಳಿಸಿ. ಮಂಡಿಗೆ ಏಳು ಗಂಟೆಯ ಕುಲುಕಾಟಕ್ಕಿಂತ ಹತ್ತು ಸಲ ಹತ್ತಿ ಇಳಿಯುವುದೇ ಹೆಚ್ಚು ಕಷ್ಟ. ಸೊಂಟದ ಬೆಲ್ಟ್, ಚಿಕ್ಕ ದಿಂಬು, ಮೂಗು ಬಾಯಿ ಮುಚ್ಚುವ ಹತ್ತಿಯ ಬಟ್ಟೆ ಕೈಚೀಲದಲ್ಲಿರಲಿ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿದ್ದರೆ, ಡಿಸ್ಕ್ ತೊಂದರೆಯಿದ್ದರೆ ಅಥವಾ ಮೂಳೆ ಸವೆದಿದೆ ಎಂದು ವೈದ್ಯರು ಹೇಳಿದ್ದರೆ ನನ್ನ ಸಲಹೆ ಬದಲಾಗುತ್ತದೆ: ಆಗ ಎರಡೂ ಕಡೆಗೆ ವಿಮಾನವೇ ಸರಿ. ದಾರಿಯಲ್ಲಿ ಶೌಚಾಲಯ ಇರುವುದು ಲೋಡುವಾರೆ, ಓಲ್ಡುವಾಯ್ ಮತ್ತು ಸೆರೆಂಗೆಟಿಯ ಪ್ರವೇಶ ಕಚೇರಿಯಿರುವ ನಾಬಿಯಲ್ಲಿ. ಮೂರರ ನಡುವೆ ಬಯಲಿನಲ್ಲಿ ಮರೆ ಎಂಬುದೇ ಇಲ್ಲ. ಹಾಗೆಂದು ನೀರು ಕುಡಿಯದೆ ಕೂರುವುದು ನಮ್ಮ ಹಿರಿಯರ ಹಟ. ಅದರಿಂದ ತಲೆನೋವು ಬಂದು ಇಡೀ ಮಧ್ಯಾಹ್ನ ಕೆಡುತ್ತದೆ. ತುರ್ತಾದರೆ ಗೈಡ್‌ಗೆ ಹೇಳಿ, ಸುರಕ್ಷಿತವಾದ ಜಾಗ ನೋಡಿ ಗಾಡಿಯ ಹಿಂದೆ ಅನುಕೂಲ ಮಾಡಿಕೊಡುತ್ತಾರೆ.

ನಾಬಿ ಗುಡ್ಡದ ಬುಡದಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ಪ್ರವೇಶ ಕಚೇರಿಯಿದೆ. ನೂರಾರು ಗಾಡಿ ಬರುವ ಕಾಲದಲ್ಲಿ ಇಲ್ಲಿ ಅರ್ಧ ಮುಕ್ಕಾಲು ಗಂಟೆ ಕಾಯಬೇಕಾಗಬಹುದು, ಆ ಹೊತ್ತಿನಲ್ಲೇ ಮರದಡಿಯ ಮೇಜಿನಲ್ಲಿ ಊಟ ಮುಗಿಸಿಬಿಡಿ. ಗುಡ್ಡದ ಮೇಲಿನ ಕಾಲುದಾರಿಯನ್ನು ಹತ್ತಿದರೆ ನೀವು ಬಂದ ಬಯಲು ಪೂರ್ತಿ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ತಾಯಿಯವರು ಕೆಳಗೇ ಇರಲಿ. ಉದ್ಯಾನದ ಅನುಮತಿ 24 ಗಂಟೆಗಳ ಲೆಕ್ಕದಲ್ಲಿ ನಡೆಯುವುದರಿಂದ ಇಲ್ಲಿ ಒಳಗೆ ಹೋದ ಸಮಯಕ್ಕೆ 7ನೆಯ ದಿನದ ವಿಮಾನದ ಸಮಯ ಹೊಂದುತ್ತದೆಯೇ ಎಂದು ಟ್ರಾವೆಲ್ಸ್‌ನವರಿಂದ ಖಚಿತಪಡಿಸಿಕೊಳ್ಳಿ. ಮಧ್ಯಾಹ್ನ ಹನ್ನೆರಡೂವರೆಗೆ ಒಳಹೊಕ್ಕು, ಹೊರಡುವ ದಿನ ಮೂರು ಗಂಟೆಯ ವಿಮಾನವೆಂದರೆ ಐದು ಮಂದಿಗೆ ಇನ್ನೊಂದು ದಿನದ ಶುಲ್ಕ ಬೀಳುವ ಸಂಭವವಿದೆ.

ಊಟದ ಪೊಟ್ಟಣದಲ್ಲಿ ಸಾಮಾನ್ಯವಾಗಿ ಕೋಳಿಯ ತುಂಡು, ಬೇಯಿಸಿದ ಮೊಟ್ಟೆ, ಸ್ಯಾಂಡ್‌ವಿಚ್, ಬಾಳೆಹಣ್ಣು, ಜ್ಯೂಸ್ ಇರುತ್ತವೆ. ಸಸ್ಯಾಹಾರಿ ಎಂದು ಬರೆದರೆ ಮೊಟ್ಟೆ ಬರುತ್ತದೆ; ಮಾಂಸ, ಮೀನು, ಮೊಟ್ಟೆ ಮೂರೂ ಬೇಡವೆಂದು ಬಿಡಿಸಿ ಬರೆಯಬೇಕು. ಅಲ್ಲಿ ಚಪಾತಿಗೆ ಚಪಾತಿ ಎಂದೇ ಹೆಸರು, ಕರಾಟುವಿನ ಲಾಡ್ಜ್‌ನಲ್ಲಿ ಹಿಂದಿನ ರಾತ್ರಿ ಹೇಳಿಟ್ಟರೆ ಮಾಡಿಕೊಡುತ್ತಾರೆ. ನೀವು ಒಯ್ಯುವ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಅವಲಕ್ಕಿ ಚೂಡಾಗಳನ್ನು ಡಬ್ಬಿಯಲ್ಲಿ ತುಂಬಿಕೊಳ್ಳಿ, ಏಕೆಂದರೆ ಪ್ಲಾಸ್ಟಿಕ್ ಕೈಚೀಲಗಳನ್ನು ತಾಂಜಾನಿಯಾ 2019ರ ಜೂನ್‌ನಿಂದ ನಿಷೇಧಿಸಿದೆ.

ನಾಬಿಯಿಂದ ಸೆರೊನೆರಾಕ್ಕೆ ಸುಮಾರು 45 ಕಿ.ಮೀ. ಈ ದೂರವನ್ನು ಸಾಗುವಾಗ ಹುಲ್ಲಿನ ಎತ್ತರ ಗಮನಿಸಿ. ಜ್ವಾಲಾಮುಖಿಗಳಿಂದ ದೂರವಾದಂತೆ ಬೂದಿಯ ಪದರ ತೆಳುವಾಗುತ್ತದೆ, ಮಳೆಯೂ ಹೆಚ್ಚುತ್ತದೆ. ಪಾದ ಮುಚ್ಚದ ಹುಲ್ಲು ಮಂಡಿಯವರೆಗೆ ಬರುತ್ತದೆ, ಅಲ್ಲೊಂದು ಇಲ್ಲೊಂದು ಮರ ಕಾಣಿಸಿಕೊಂಡು ಕೊನೆಗೆ ಸೆರೊನೆರಾ ನದಿಯ ದಂಡೆಯಲ್ಲಿ ಹಳದಿ ತೊಗಟೆಯ ಅಕೇಶಿಯಾಗಳ ಸಾಲೇ ಎದುರಾಗುತ್ತದೆ. ಚಿರತೆಗಳಿಗೆ ಆ ಮರಗಳು ಬೇಕು. ನಡುವೆ ಸಿಂಬಾ ಕೊಪ್ಯೆ ಎಂಬ ಬಂಡೆಗುಂಪುಗಳಿವೆ, ಸಿಂಹಗಳು ಬಿಸಿಲು ಇಳಿದ ಮೇಲೆ ಅವುಗಳ ಮೇಲೆ ಬಂದು ಒರಗುವುದುಂಟು. ದುರ್ಬೀನು ಹಿಡಿದು ಬಂಡೆಯ ಅಂಚುಗಳನ್ನು ನಿಧಾನವಾಗಿ ಹುಡುಕಿ. ಮರಗಳಿರುವ ಕಡೆ ತ್ಸೆತ್ಸೆ ನೊಣದ ಕಾಟವೂ ಆರಂಭವಾಗುತ್ತದೆ. ಗಾಢ ನೀಲಿ ಮತ್ತು ಕಪ್ಪು ಬಟ್ಟೆಗೆ ಅದು ಮುತ್ತುವುದರಿಂದ ಆ ದಿನ ತಿಳಿ ಕಂದು ಬಣ್ಣ ಉಡಿ. ಸಂಜೆ ಆರೂವರೆಯೊಳಗೆ ಲಾಡ್ಜ್ ಸೇರಬೇಕು, ಕತ್ತಲಾದ ಮೇಲೆ ಉದ್ಯಾನದಲ್ಲಿ ಗಾಡಿ ಓಡಿಸುವಂತಿಲ್ಲ.

ಮಳೆಯ ಪ್ರಶ್ನೆಯನ್ನು ನೀವು ಎತ್ತಿಲ್ಲ, ಆದರೂ ಹೇಳಬೇಕು. ಫೆಬ್ರವರಿ ಎರಡು ಮಳೆಗಾಲಗಳ ನಡುವಿನ ತಿಂಗಳಾದರೂ ಮಧ್ಯಾಹ್ನದ ಮಳೆ ಅಪರೂಪವಲ್ಲ. ಸೆರೊನೆರಾ ಸುತ್ತಿನ ಕಪ್ಪು ಮಣ್ಣು ಒಮ್ಮೆ ನೆನೆದರೆ ವಿಜಯಪುರದ ಎರೆಹೊಲದಷ್ಟೇ ಹಟಮಾರಿ, ಚಕ್ರ ಹಿಡಿದರೆ ಬಿಡದು. ಇನ್ನೊಂದು ಗಾಡಿ ಬಂದು ಎಳೆಯುವವರೆಗೆ ಒಳಗೇ ಕುಳಿತಿರಬೇಕಾಗುತ್ತದೆ. ಗಾಡಿಯಲ್ಲಿ ಎರಡು ಸ್ಟೆಪ್ನಿ, ಕೆಲಸ ಮಾಡುವ ರೇಡಿಯೋ, ಎಳೆಯುವ ಹಗ್ಗ, ಪ್ರತಿಯೊಬ್ಬರಿಗೂ ಸಾಕಾಗುವ ನೀರು ಇವೆಯೇ ಎಂದು ಕರಾಟುವಿನಲ್ಲೇ ನೋಡಿಕೊಳ್ಳುವುದರಲ್ಲಿ ಮುಜುಗರವೇನಿಲ್ಲ.

ಟ್ರಾವೆಲ್ಸ್‌ನವರಿಗೆ ಬರೆಯುವಾಗ ಎರಡು ಮಾತು ಸೇರಿಸಿ. ಒಂದು, 4 ಮತ್ತು 5ನೆಯ ರಾತ್ರಿಗಳಲ್ಲಿ ಒಂದನ್ನು ನಾಬಿಗೆ ಮುಂಚೆಯೇ ಎಡಕ್ಕೆ ತಿರುಗುವ ಎನ್‌ಡುಟುವಿನಲ್ಲಿ ಕಳೆಯಲು ಸಾಧ್ಯವೇ ಎಂದು ಕೇಳಿ. ಫೆಬ್ರವರಿಯಲ್ಲಿ ಹಿಂಡುಗಳ ಬೀಡು ಅಲ್ಲಿಯೇ ಇರುತ್ತದೆ, ತಾಯಿಯವರ ಪ್ರಯಾಣವೂ ಎರಡು ತುಂಡಾಗುತ್ತದೆ. ಸಿಕ್ಕರೆ ನಾನು ಕಣ್ಣು ಮುಚ್ಚಿ ಅದನ್ನೇ ಆರಿಸುತ್ತೇನೆ, ಆದರೆ ಆ ತಿಂಗಳು ಅಲ್ಲಿ ಕೋಣೆಗಳು ಬಹಳ ಬೇಗ ತುಂಬುತ್ತವೆ. ಎರಡು, ನೀವು ವಿಮಾನದಲ್ಲಿ ಬಂದರೂ ಗಾಡಿ ಖಾಲಿಯಾಗಿ ಅರುಷಾಕ್ಕೆ ಹಿಂದಿರುಗಲೇಬೇಕು, ಅದರ ಡೀಸೆಲ್ ಖರ್ಚು ನಿಮ್ಮ ಮೇಲೆಯೇ ಬರುತ್ತದೆ. ಅದನ್ನು ಸೇರಿಸಿಯೇ ವಿಮಾನದ ದರ ಹೇಳಲಿ. ಸಣ್ಣ ವಿಮಾನಗಳಲ್ಲಿ ತಲೆಗೆ ಸಾಮಾನ್ಯವಾಗಿ 15 ಕೆ.ಜಿ. ಸಾಮಾನು, ಅದೂ ಚಕ್ರವಿಲ್ಲದ ಮೆತ್ತನೆಯ ಬ್ಯಾಗಿನಲ್ಲಿ ಮಾತ್ರ. ಗಟ್ಟಿ ಸೂಟ್‌ಕೇಸ್‌ಗಳನ್ನು ಅರುಷಾದ ಹೋಟೆಲಿನಲ್ಲೇ ಬಿಟ್ಟು ಹೊರಡಿ.